ಮನೆಗೂ ಒಂದು ಲೋಟ ಉಳಿಯಲಿ



ಹಸುವಿಗೆ ಹಿಂಡಿ, ಹಸಿಮೇವು, ಖನಿಜ ಮಿಶ್ರಣ ಅಳೆದು ಹಾಕುವ ನಾವು ನಮ್ಮ ಊಟ ಅಳೆಯುವುದಿಲ್ಲ. ಕರೆದ ಹಾಲೆಲ್ಲ ಸಂಘಕ್ಕೆ, ಮಕ್ಕಳಿಗೆ ಕರೀ ಟೀ! ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನು, 300 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಅದನ್ನು ಮಾರಿ ಬಿಸ್ಕತ್ತು ತಂದರೆ ಸಿಗುವುದು ಹೆಚ್ಚಾಗಿ ಮೈದಾ, ಸಕ್ಕರೆ.

ಆದರೆ ಹಾಲೊಂದೇ ಸಾಲದು. ಅದರಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಸೊಪ್ಪು, ಹುರುಳಿ, ಅಲಸಂದೆ ಬೇಕು. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬೆಳಿಗ್ಗೆ ಬರೀ ಟೀ ಕುಡಿದು ಮೇವು ಕೊಯ್ಯಲು ಹೊರಡುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅವರಲ್ಲೇ ರಕ್ತಹೀನತೆ ಹೆಚ್ಚು.

ನಾಳೆ ಹಾಲು ಕರೆದಾಗ ಮನೆಯ ಪಾಲು ಮೊದಲು ತೆಗೆದಿಟ್ಟು, ಕಾಯಿಸಿ, ಉಳಿದದ್ದನ್ನು ಸಂಘಕ್ಕೆ ಒಯ್ಯಿರಿ.