ಹನಿ ನೀರಾವರಿಯ ಕೊಳವೆಗಳಲ್ಲಿ ಕಟ್ಟುವ ಸುಣ್ಣದ ಪೊರೆ

ಅಸುಂಡಿ ಮೊದಲಾದ ಗದಗ ಭಾಗದ ಊರುಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನು ಹನಿ ನೀರಾವರಿಗೆ ಬಳಸುವ ಒಕ್ಕಲಿಗರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡತಕ್ಕದ್ದು. ಪಂಪು ಎಂದಿನಂತೆ ನಡೆಯುತ್ತಿರುವದು; ಆದರೆ ಸಾಲಿನ ಕೊನೆಯ ಮೆಣಸಿನ ಗಿಡಗಳು ಬಾಡುವವು. ರೋಗವೆಂದು ಬಗೆದು ಔಷಧಿಗೆ ಹಣ ಸುರಿಯುವ ಮುನ್ನ ಡ್ರಿಪ್ಪರನ್ನು ಬಿಚ್ಚಿ ನೋಡಬೇಕು.

ಒಳಗಿನ ಬಿಳಿಯ ಪೊರೆಯ ಮೇಲೆ ಲಿಂಬೆಯ ರಸ ಬಿಟ್ಟಾಗ ನೊರೆಯೆದ್ದರೆ ಅದು ಸುಣ್ಣವೇ ಸರಿ. ಸಮುದ್ರದ ಹವಳದ ಜೀವಿಗಳು ಕಟ್ಟುವ ಕಲ್ಲೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟು. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು, ಕರಿಯ ಕೊಳವೆಯು ಬಿಸಿಲಿಗೆ ಕಾದಾಗ, ಇಂಗಾಲಾಮ್ಲ ವಾಯುವನ್ನು ಬಿಟ್ಟು ಹೀಗೆ ಗಟ್ಟಿಯಾಗುವದು. ಕರಗಿದ ವಸ್ತುವನ್ನು ಸೋಸುವ ಜಾಲರಿಯು ತಡೆಯಲಾರದು. ಆದುದರಿಂದ ಜಾಲರಿ ತೊಳೆದೆವೆಂದು ನೆಚ್ಚಿ ಕುಳಿತುಕೊಳ್ಳಲಾಗದು.

ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವೇ ಮದ್ದು. ಮೊದಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅಳೆದ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸುತ್ತ, ಪಿ.ಎಚ್. ಕಾಗದವು ಸುಮಾರು 4 ತೋರಿಸಲು ಎಷ್ಟು ಬೇಕಾಯಿತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಅದೇ ಪ್ರಮಾಣದಲ್ಲಿ ವೆಂಚುರಿಯ ಮೂಲಕ ಬಿಟ್ಟು, ಕೊನೆಯ ಡ್ರಿಪ್ಪರಿನ ನೀರೂ 4ಕ್ಕೆ ಇಳಿದೊಡನೆ ಪಂಪು ನಿಲ್ಲಿಸಿ, 24 ತಾಸು ಹಾಗೆಯೇ ಬಿಡತಕ್ಕದ್ದು. ಮರುದಿನ ಕೊಳವೆಗಳ ತುದಿಯ ಮುಚ್ಚಳ ತೆಗೆದು, ತಿಳಿನೀರು ಬರುವವರೆಗೆ ಹರಿಯಗೊಡಬೇಕು. ಪೂರ್ಣ ಮುಚ್ಚಿಹೋದ ಡ್ರಿಪ್ಪರಿಗೆ ಆಮ್ಲ ತಲುಪುವದೇ ಇಲ್ಲ. ಅದನ್ನು ಬದಲಿಸುವದೇ ಲೇಸು.

ಆಮ್ಲವನ್ನೇ ನೀರಿಗೆ ಹಾಕಬೇಕಲ್ಲದೆ ನೀರನ್ನು ಆಮ್ಲಕ್ಕೆ ಸುರಿಯಕೂಡದು. ಸಿಡಿದು ಕಣ್ಣು ಹೋದೀತು. ಕೈಗವಸು, ಕನ್ನಡಕ ಇಲ್ಲದೆ ಡಬ್ಬಿಯನ್ನು ಮುಟ್ಟಲಾಗದು. ಬ್ಲೀಚಿಂಗ್ ಪುಡಿಯೊಡನೆ ಇದನ್ನು ಎಂದಿಗೂ ಬೆರೆಸಬಾರದು, ವಿಷವಾಯು ಏಳುವದು.