ಹವ್ಯಾಸಿ ಬಾನುಲಿ: ಪರೀಕ್ಷೆಗೆ ಮುನ್ನ ಕಲಿಯಬೇಕಾದ ಪಾಠಗಳು

ಬಾನುಲಿಯನ್ನು ಕೇಳುವವರು ಕೋಟಿಗಟ್ಟಲೆ ಇದ್ದಾರೆ. ಬಾನುಲಿಯಲ್ಲಿ ತಾವೇ ಮಾತನಾಡುವವರು ವಿರಳ. ಲಾಭದ ಆಸೆಯಿಲ್ಲದೆ, ವಿದ್ಯೆಯ ಮೇಲಿನ ಪ್ರೀತಿಯಿಂದಲೇ, ಮನೆಯಲ್ಲಿ ಪ್ರೇಷಕವನ್ನೂ ಗ್ರಾಹಕವನ್ನೂ ಇಟ್ಟುಕೊಂಡು ದೂರದವರೊಡನೆ ಸಂಭಾಷಿಸುವ ಇವರಿಗೆ ಹವ್ಯಾಸಿ ಬಾನುಲಿಗರೆಂದು ಹೆಸರು. ಲೋಕವೆಲ್ಲ ಇವರನ್ನು ‘ಹ್ಯಾಮ್’ ಎಂಬ ಅಡ್ಡಹೆಸರಿನಿಂದಲೂ ಕರೆಯುತ್ತದೆ. ಕನ್ನಡ ನಾಡಿಗೆ ಬಾನುಲಿಯ ಹವ್ಯಾಸ ಹೊಸದಲ್ಲ. 1935ರಲ್ಲಿಯೇ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಸಾರ ಕೇಂದ್ರವೊಂದನ್ನು ಸ್ಥಾಪಿಸಿದ್ದರು. ಬೆಂಗಳೂರಿನ ಹವ್ಯಾಸಿಗಳ ಸಂಘ 1959ರಲ್ಲಿ ಹುಟ್ಟಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿದ್ಯಾರ್ಥಿಯೂ ಈ ವಿದ್ಯೆಯನ್ನು ಕೈಗೂಡಿಸಿಕೊಳ್ಳಬಹುದು. ಅದರ ಮೊದಲ ಪಾಠಗಳನ್ನು ಆ ನಾಲ್ಕು ಊರುಗಳ ನೆಲದ ಮೇಲೆ ನಿಂತೇ ಕಲಿಯೋಣ.

ಪರವಾನಗಿ ಏಕೆ?

ಕೆರೆಯ ತೂಬನ್ನು ಕಂಡಕಂಡವರೆಲ್ಲ ಎತ್ತತೊಡಗಿದರೆ ಕೊನೆಯ ಗದ್ದೆಗೆ ನೀರು ತಲಪದು. ಆದುದರಿಂದಲೇ ನಮ್ಮ ಹಿರಿಯರು ನೀರುಗಂಟಿಯನ್ನು ನೇಮಿಸಿದರು. ಬಾನುಲಿಯ ಅಲೆಗಳೂ ಇಂತಹುದೇ ಸಾರ್ವಜನಿಕ ಸ್ವತ್ತು. ವಿಮಾನ, ಹಡಗು, ಪೋಲೀಸು, ಆಕಾಶವಾಣಿ ಇವುಗಳಿಗೆ ಒಂದೊಂದು ಪಾಲು ಸಂದಿದೆ, ಹವ್ಯಾಸಿಗೂ ಪಾಲುಂಟು. ತನ್ನ ಪಾಲಿನ ಎಲ್ಲೆಯನ್ನರಿಯದವನ ಪ್ರೇಷಕವು ವಿಮಾನಚಾಲಕನ ಮಾತನ್ನೇ ಅಳಿಸಿಬಿಡಬಹುದು. ಈ ಕಾರಣದಿಂದ ಪರವಾನಗಿಯಿಲ್ಲದೆ ಪ್ರೇಷಕವನ್ನು ನಡೆಸುವುದು ಅಪರಾಧವಾಗಿದೆ.

ಅರಿತವನ ಕೈಯಲ್ಲಿ ಅದೇ ಯಂತ್ರವು ಪ್ರಾಣರಕ್ಷಕವಾಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನನ್ನು ಅಪ್ಪಳಿಸಿದಾಗ, ಹವ್ಯಾಸಿ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದರ ತಂಡವು ತನ್ನ ಬಾನುಲಿಯಿಂದಲೇ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿತು. ದೂರವಾಣಿಯ ಕಂಬ ಬಿದ್ದ ದಿನ ಒಂದು ತಂತಿ, ಒಂದು ಬ್ಯಾಟರಿ, ಒಬ್ಬ ತಿಳಿದ ಮನುಷ್ಯ, ಇಷ್ಟೇ ಸಾಕಾಗುತ್ತದೆ. ಪರೀಕ್ಷೆಯ ಉದ್ದೇಶವು ಆ ‘ತಿಳಿದ ಮನುಷ್ಯ’ನನ್ನು ಸಿದ್ಧಪಡಿಸುವುದೇ ಆಗಿದೆ.

ಮೊದಲ ಪಾಠ: ಅಲೆಯ ಉದ್ದ

ಬಾನುಲಿಯ ಅಲೆಯು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ವೇಗದಲ್ಲಿ ಸಾಗುತ್ತದೆ. ಆದುದರಿಂದ 300ನ್ನು ಮೆಗಾಹರ್ಟ್ಸ್‌ಗಳಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗಾಂತರವು ಮೀಟರುಗಳಲ್ಲಿ ದೊರೆಯುತ್ತದೆ. 7.1 ಮೆಗಾಹರ್ಟ್ಸ್‌ಗೆ ಇದು ಸುಮಾರು 42 ಮೀಟರು. ಏರಿಯಲ್ ತಂತಿಯ ಉದ್ದ ಇದರ ಅರ್ಧಕ್ಕಿಂತ ತುಸು ಕಡಿಮೆ, ಎಂದರೆ ಸುಮಾರು 20 ಮೀಟರು ಇದ್ದರೆ ಚೆನ್ನಾಗಿ ಕೆಲಸಮಾಡುತ್ತದೆ. ಎರಡು ತೆಂಗಿನ ಮರಗಳ ನಡುವೆ ಕಟ್ಟಬಹುದಾದ ತಂತಿಯಿದು. 145 ಮೆಗಾಹರ್ಟ್ಸ್‌ಗಾದರೋ ಒಂದು ಮೀಟರಿನಷ್ಟು ಕಡ್ಡಿ ಸಾಕು.

ಎರಡನೆಯ ಪಾಠ: ಅಲೆಯ ದಾರಿ

ನೇರ ಗೆರೆಯಲ್ಲಿ ಅಳೆದರೆ ಚಿತ್ರದುರ್ಗದಿಂದ ಹೊಳಲ್ಕೆರೆ ಸುಮಾರು 30, ಹಿರಿಯೂರು 40, ಹೊಸದುರ್ಗ 50 ಕಿಲೋಮೀಟರು ದೂರದಲ್ಲಿವೆ. 145 ಮೆಗಾಹರ್ಟ್ಸಿನ ಅಲೆಯು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಹೋಗುತ್ತದೆ, ಭೂಮಿಯಾದರೋ ದುಂಡಗಿದೆ. ಏರಿಯಲ್ಲಿನ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಬಾನುಲಿಯ ದಿಗಂತವು ಕಿಲೋಮೀಟರುಗಳಲ್ಲಿ ಬರುತ್ತದೆ. 10 ಮೀಟರಿನ ಕಂಬಕ್ಕೆ ದಿಗಂತವು 13 ಕಿಲೋಮೀಟರು. ಎರಡು ಊರುಗಳಲ್ಲಿಯೂ ಅಂತಹ ಕಂಬಗಳಿದ್ದರೆ ಒಟ್ಟು 26. ಬಯಲಿನ ಲೆಕ್ಕದಂತೆ ಹೊಳಲ್ಕೆರೆಯೂ ನಿಲುಕಲಿಲ್ಲ! ಒಂದು ಏರಿಯಲ್ಲನ್ನು ಬಯಲಿನಿಂದ 200 ಮೀಟರು ಎತ್ತರದ ಗುಡ್ಡದ ಮೇಲಿಟ್ಟರೆ ಅದರ ದಿಗಂತ 58 ಆಗಿ, ಒಟ್ಟು 71 ಕಿಲೋಮೀಟರು ಆಗುತ್ತದೆ. ನಡುವೆ ಬೇರೆ ಗುಡ್ಡ ಅಡ್ಡಬರದಿದ್ದರೆ ಮೂರು ಊರುಗಳೂ ನಿಲುಕುತ್ತವೆ. ದುರ್ಗದ ಸುತ್ತ ಗುಡ್ಡಗಳಿಗೆ ಕೊರತೆಯಿಲ್ಲ. ಆದರೆ ಕೋಟೆಯು ಸಂರಕ್ಷಿತ ಸ್ಮಾರಕವೆಂಬುದನ್ನು ಮರೆತು ಅಲ್ಲಿ ಕಂಬ ನೆಡಲು ಹೊರಡಬಾರದು.

ಗುಡ್ಡವಿಲ್ಲದವರಿಗೆ ಆಕಾಶವೇ ಗುಡ್ಡವಾಗುತ್ತದೆ. 7 ಮೆಗಾಹರ್ಟ್ಸಿನ ಅಲೆಯನ್ನು ನೆಟ್ಟಗೆ ಮೇಲಕ್ಕೆ ಕಳುಹಿಸಿದರೆ, ಸುಮಾರು 300 ಕಿಲೋಮೀಟರು ಎತ್ತರದಲ್ಲಿರುವ ಅಯಾನುಗೋಳದ ಪದರವು ಹಗಲಿನಲ್ಲಿ, ಸೂರ್ಯನ ಸ್ಥಿತಿ ಅನುಕೂಲವಾಗಿದ್ದರೆ, ಅದನ್ನು ಕೆಳಕ್ಕೆ ತಿರುಗಿಸುತ್ತದೆ. 40 ಕಿಲೋಮೀಟರು ದೂರದ ಹಿರಿಯೂರಿಗೆ ಮಾತು 600 ಕಿಲೋಮೀಟರು ಸುತ್ತಿ ಬರುತ್ತದೆ. ಆದರೂ ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಐನೂರನೆಯ ಒಂದು ಭಾಗ ಮಾತ್ರ.

ಮೂರನೆಯ ಪಾಠ: ಸ್ಪಷ್ಟವಾದ ಮಾತು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ: ಮೂರೂ ‘ಹ’ಕಾರದಿಂದ ಆರಂಭವಾಗುವ ಹೆಸರುಗಳು. ಗುಡುಗಿನ ಗದ್ದಲದ ನಡುವೆ ‘ಹೊ...’ ಎಂದಷ್ಟೇ ಕೇಳಿದರೆ ನೆರವು ಯಾವ ಊರಿಗೆ ಹೋಗಬೇಕು? ಇದಕ್ಕಾಗಿಯೇ ಅಂತರರಾಷ್ಟ್ರೀಯ ಅಕ್ಷರಪದಗಳಿವೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ಗೊತ್ತಾದ ಪದಗಳಿಂದ ಹೇಳಬೇಕು. ಹೊಸದುರ್ಗಕ್ಕೆ ‘ಹೋಟೆಲ್, ಆಸ್ಕರ್, ಸಿಯೆರಾ’, ಹೊಳಲ್ಕೆರೆಗೆ ‘ಹೋಟೆಲ್, ಆಸ್ಕರ್, ಲಿಮಾ’ ಎಂದು ಹೆಸರು ಆರಂಭವಾಗುತ್ತದೆ. ಮೂರನೆಯ ಪದವೊಂದರಿಂದಲೇ ಸಂದೇಹ ನಿವಾರಣೆಯಾಯಿತು. ಪಠ್ಯದಲ್ಲಿ ಇದು ಕಂಠಪಾಠದ ವಿಷಯವೆಂದು ತೋರಿದರೂ, ವಿಪತ್ಕಾಲದಲ್ಲಿ ಇದರ ಬೆಲೆ ತಿಳಿಯುತ್ತದೆ.

ಪರೀಕ್ಷೆಯ ಸ್ವರೂಪ

ಪರೀಕ್ಷೆಯ ಹೊಣೆಯು ಕೇಂದ್ರ ಸರಕಾರದ ಸಂಪರ್ಕ ಸಚಿವಾಲಯದ ವೈರ್‌ಲೆಸ್ ಯೋಜನಾ ಮತ್ತು ಸಮನ್ವಯ ವಿಭಾಗದ್ದು. 1978ರ ಹವ್ಯಾಸಿ ಸೇವಾ ನಿಯಮಗಳು, ಅವುಗಳ ಅನಂತರದ ತಿದ್ದುಪಡಿಗಳೊಡನೆ, ‘ನಿರ್ಬಂಧಿತ’, ‘ಸಾಮಾನ್ಯ’ ಎಂಬ ಎರಡು ದರ್ಜೆಗಳನ್ನು ಗೊತ್ತುಪಡಿಸಿದವು. 12 ವರ್ಷ ತುಂಬಿದವರಿಗೆ ಅವಕಾಶವಿತ್ತವು. ಲಿಖಿತ ಪರೀಕ್ಷೆಗೆ ಎರಡು ಭಾಗಗಳು: ಒಂದು ಬಾನುಲಿಯ ಸಿದ್ಧಾಂತ ಮತ್ತು ಪ್ರಯೋಗ, ಇನ್ನೊಂದು ದೇಶದ ಹಾಗೂ ಅಂತರರಾಷ್ಟ್ರೀಯ ನಿಯಮಗಳು. ಸಾಮಾನ್ಯ ದರ್ಜೆಗೆ ಇವುಗಳ ಜೊತೆಗೆ ನಿಮಿಷಕ್ಕೆ 8 ಪದಗಳ ವೇಗದ ಮೋರ್ಸ್ ಪರೀಕ್ಷೆಯನ್ನೂ ಇಟ್ಟರು. ಐದು ಅಕ್ಷರಗಳಿಗೆ ಒಂದು ಪದವೆಂಬ ಲೆಕ್ಕದಲ್ಲಿ ಇದು ನಿಮಿಷಕ್ಕೆ 40 ಅಕ್ಷರ. ಅರ್ಜಿ ಹಾಕುವ ಮುನ್ನ ಆ ವರ್ಷದ ಪಠ್ಯಕ್ರಮವನ್ನೂ ನಿಯಮಗಳನ್ನೂ ತರಿಸಿ ನೋಡಿಕೊಳ್ಳುವುದು ಕ್ಷೇಮ.

ಮೋರ್ಸ್ ಸಂಕೇತವನ್ನು ಚುಕ್ಕೆ ಗೆರೆಗಳ ಪಟ್ಟಿಯಾಗಿ ಕಣ್ಣಿನಿಂದ ಕಲಿಯಬಾರದು. ತಾಳದಂತೆ ಕಿವಿಯಿಂದ ಕಲಿಯಬೇಕು. ದಿನಕ್ಕೆ ಕಾಲು ಗಂಟೆಯ ಅಭ್ಯಾಸವು ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಲೇಸು. ಪ್ರೇಷಕವನ್ನು ಕೊಳ್ಳುವ ಆತುರ ಬೇಡ. ಏಕಪಾರ್ಶ್ವಪಟ್ಟಿಯ ಮಾತನ್ನು ಗ್ರಹಿಸಬಲ್ಲ ಕಿರುತರಂಗ ಗ್ರಾಹಕವೊಂದಿದ್ದರೆ 7 ಮೆಗಾಹರ್ಟ್ಸಿನ ಬಳಿ ಹವ್ಯಾಸಿಗಳ ಸಂಭಾಷಣೆಯನ್ನು ಕೇಳಬಹುದು. ಭಾರತೀಯರ ಕರೆಹೆಸರು ಸಾಮಾನ್ಯವಾಗಿ ‘ವಿ.ಯು.’ ಎಂದು ಆರಂಭವಾಗುತ್ತದೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಹೇಗೆ ಕಾಯುತ್ತಾರೆಂಬುದನ್ನು ಗಮನಿಸಿದರೆ ನಿಯಮಗಳ ಅರ್ಧ ಪಾಠ ತಾನಾಗಿಯೇ ಬರುತ್ತದೆ.

ಅಭ್ಯಾಸಕ್ಕೆ

1. 14.2 ಮೆಗಾಹರ್ಟ್ಸಿನ ಅಲೆಯ ಉದ್ದವೆಷ್ಟು?

2. 12 ವೋಲ್ಟಿನ ಬ್ಯಾಟರಿಯಿಂದ 2 ಆಂಪಿಯರ್ ವಿದ್ಯುತ್ತನ್ನು ಎಳೆಯುವ ಯಂತ್ರವು ಬಳಸುವ ಶಕ್ತಿಯೆಷ್ಟು?

3. ಚಿತ್ರದುರ್ಗದ ಬಳಿ ಬಯಲಿನಿಂದ 50 ಮೀಟರು ಎತ್ತರದ ಏರಿಯಲ್ ಇದ್ದು, ಉಳಿದ ಊರುಗಳಲ್ಲಿ 10 ಮೀಟರಿನ ಕಂಬಗಳಿದ್ದರೆ, 145 ಮೆಗಾಹರ್ಟ್ಸಿನಲ್ಲಿ ಯಾವ ಊರುಗಳು ನಿಲುಕುತ್ತವೆ?

ಉತ್ತರಗಳು: 1. ಸುಮಾರು 21 ಮೀಟರು. 2. 24 ವಾಟ್. 3. ದಿಗಂತಗಳ ಮೊತ್ತ ಸುಮಾರು 42 ಕಿಲೋಮೀಟರು; ಹೊಳಲ್ಕೆರೆ ನಿಲುಕುತ್ತದೆ, ಹಿರಿಯೂರು ಕಷ್ಟದಿಂದ ನಿಲುಕುತ್ತದೆ, ಹೊಸದುರ್ಗ ನಿಲುಕದು.

ಈ ಮೂರನ್ನೂ ಪುಸ್ತಕ ನೋಡದೆ ಬಿಡಿಸಿದ ವಾಚಕರು ಪರೀಕ್ಷೆಯ ಸಿದ್ಧತೆಯನ್ನು ಆಗಲೇ ಆರಂಭಿಸಿದ್ದಾರೆಂದು ತಿಳಿಯಬಹುದು.