ವಿಜಯಪುರದಲ್ಲಿ ನಿಮ್ಮ ಆಯ್ಕೆ ಯಾವುದು?

ವಿಜಯಪುರದಲ್ಲಿ ನಿಮಗೆ ಹೆಚ್ಚು ಇಷ್ಟವಾದ ಸ್ಮಾರಕ ಯಾವುದೆಂದು ಕೇಳಿದರೆ ಬಹುತೇಕರು ಗೋಲಗುಂಬಜ್ ಎನ್ನುತ್ತೀರಿ. 1656ರಲ್ಲಿ ಪೂರ್ಣಗೊಂಡ, ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಆದರೂ ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯುವ ಕಮಾನುಗಳೇ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ.

ಇಬ್ರಾಹಿಂ ರೋಜಾದ ಸೊಗಸೇ ಬೇರೆ. ಒಂದೇ ಜಗಲಿಯ ಮೇಲೆ ಸಮಾಧಿ, ಮಸೀದಿ ಎದುರುಬದುರು. ಸಮಾಧಿಯ ಗೋಡೆಗಳ ಮೇಲೆ ಕಲ್ಲಿನಲ್ಲಿ ಕೊರೆದ ಅಕ್ಷರಗಳು.

ನನ್ನ ಆಯ್ಕೆ ಮಾತ್ರ ಬಾರಾಕಮಾನ್. ಎರಡನೇ ಅಲಿ ಆದಿಲ್ ಶಾಹನ ಈ ಸಮಾಧಿ ಪೂರ್ಣಗೊಳ್ಳಲೇ ಇಲ್ಲ. ಛಾವಣಿಯಿಲ್ಲದ ಕಾರಣ ಕಮಾನು ಹೇಗೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಿ ಕಲಿಯಬಹುದು.

ನೀವೂ ಒಂದನ್ನು ಆರಿಸಿ. ಆದರೆ ‘ಚೆನ್ನಾಗಿದೆ’ ಎಂದಷ್ಟೇ ಬರೆಯದೆ, ಏಕೆ ಎಂಬುದನ್ನೂ ಬರೆಯಿರಿ.